ನ್ಯೂಯಾರ್ಕ್ ನಗರದ ಚಳಿಗಾಲದ ಅಪರೂಪದ ಹಕ್ಕಿಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಅಟ್ಲಾಂಟಿಕ್ ಕರಾವಳಿಯಲ್ಲಿರುವ ನ್ಯೂಯಾರ್ಕ್ ನಗರದಲ್ಲಿಯೂ ಅದರ ಸುತ್ತಲಿನ ಕಡಲತೀರಗಳಲ್ಲಿಯೂ ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಕೆಲವು ಹಕ್ಕಿಗಳು ತಮ್ಮ ವಾಡಿಕೆಯ ನೆಲೆಯಿಂದ ಬಹುದೂರ ಸರಿದು ಬಂದು ಕಾಣಿಸಿಕೊಳ್ಳುತ್ತವೆ. ಇವುಗಳನ್ನು ಸಾಮಾನ್ಯ ವಲಸೆ ಹಕ್ಕಿಗಳಿಂದ ಬೇರ್ಪಡಿಸಿ ನೋಡಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ನಿಯತವಾದ ವಲಸಿಗರು. ಅವು ಬಾರದಿದ್ದರೆ ಸುದ್ದಿಯಾಗುತ್ತದೆ. ಅಪರೂಪದ ಹಕ್ಕಿಯಾದರೋ ಬಂದರೆ ಸುದ್ದಿ. ಅದು ಏಕೆ ಬಂದಿತು, ಬಂದ ಮೇಲೆ ಏನಾಯಿತು ಎಂಬ ಎರಡು ಪ್ರಶ್ನೆಗಳು ಇಂತಹ ಪ್ರತಿಯೊಂದು ದಾಖಲೆಯ ಹಿಂದೆಯೂ ಇರುತ್ತವೆ.

ಭೌಗೋಳಿಕ ಹಿನ್ನೆಲೆ

ನಗರವು ಹಡ್ಸನ್ ನದಿಯು ಸಮುದ್ರವನ್ನು ಸೇರುವ ಸ್ಥಳದಲ್ಲಿ, ಪೂರ್ವ ಕರಾವಳಿಯ ಹಕ್ಕಿಗಳ ವಲಸೆ ಮಾರ್ಗದ ಮೇಲೆಯೇ ಇದೆ. ಕಟ್ಟಡಗಳ ನಡುವೆ 843 ಎಕರೆ ವಿಸ್ತಾರದ ಸೆಂಟ್ರಲ್ ಪಾರ್ಕ್, ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕ್, ದಕ್ಷಿಣದಲ್ಲಿ ಜಮೈಕಾ ಕೊಲ್ಲಿಯ ಜೌಗುಪ್ರದೇಶ ಹಾಗೂ ರಾಕವೇಯ ಮರಳುದಿಣ್ಣೆಗಳು ಹಕ್ಕಿಗಳಿಗೆ ತಂಗುದಾಣಗಳಾಗಿವೆ. ದೊಡ್ಡ ನಗರದ ಶಾಖದಿಂದ ಇಲ್ಲಿನ ಚಳಿ ಒಳನಾಡಿಗಿಂತ ತುಸು ಸೌಮ್ಯ. ಹಕ್ಕಿಗಳನ್ನು ಗಮನಿಸುವ ಕಣ್ಣುಗಳೂ ಇಲ್ಲಿ ಹೆಚ್ಚು. ಬೇರೆಡೆ ಯಾರ ಕಣ್ಣಿಗೂ ಬೀಳದೆ ಹೋಗಬಹುದಾದ ಹಕ್ಕಿ ಇಲ್ಲಿ ದಾಖಲಾಗುತ್ತದೆ ಎಂಬುದನ್ನು ಅಂಕಿ ಅಂಶಗಳನ್ನು ಓದುವಾಗ ಮರೆಯಬಾರದು.

ಬರುವಿಕೆಗೆ ಕಾರಣಗಳು

ಕಾರಣಗಳು ಒಂದೇ ಬಗೆಯವಲ್ಲ. ಉತ್ತರದ ಶಂಕುಮರಗಳ ಕಾಡುಗಳಲ್ಲಿ ಬೀಜದ ಫಸಲು ಸೋತ ವರ್ಷ ಕ್ರಾಸ್‌ಬಿಲ್, ರೆಡ್‌ಪೋಲ್, ಗ್ರಾಸ್‌ಬೀಕ್ ಮುಂತಾದ ಬೀಜಾಹಾರಿ ಹಕ್ಕಿಗಳು ಗುಂಪುಗುಂಪಾಗಿ ದಕ್ಷಿಣಕ್ಕೆ ಇಳಿಯುತ್ತವೆ. ಬಿರುಗಾಳಿಯು ಕಡಲಹಕ್ಕಿಗಳನ್ನು ನೆಲಕ್ಕೆ ತಂದು ಹಾಕುತ್ತದೆ. 1932ರ ನವೆಂಬರ್‌ನಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಪುಟ್ಟ ಕಪ್ಪುಬಿಳಿ ಹಕ್ಕಿಯಾದ ಡವ್‌ಕಿ ಅಪಾರ ಸಂಖ್ಯೆಯಲ್ಲಿ ಪೂರ್ವ ಕರಾವಳಿಯ ಮೇಲೆ ಬಂದೆರಗಿತು. ನ್ಯೂಯಾರ್ಕಿನ ಬೀದಿಗಳಲ್ಲಿಯೂ ಅವು ಬಿದ್ದವು. ನೀರಿನ ಮೇಲಿಂದ ಹಾರಿಯೇಳುವ ಅಭ್ಯಾಸದ ಈ ಹಕ್ಕಿಗೆ ಗಟ್ಟಿ ನೆಲದಿಂದ ಮತ್ತೆ ಮೇಲೇರುವುದು ಕಷ್ಟ.

ದಿಕ್ಕು ತಪ್ಪುವುದು ಮೂರನೆಯ ಕಾರಣ. ದಕ್ಷಿಣ ಟೆಕ್ಸಾಸ್ ಮತ್ತು ಮೆಕ್ಸಿಕೊ ಕಡೆಯ ನಿವಾಸಿಯಾದ ಕೌಚ್ ಕಿಂಗ್‌ಬರ್ಡ್ 2014ರ ಡಿಸೆಂಬರ್ ಕೊನೆಯಲ್ಲಿ ಮ್ಯಾನ್‌ಹಟನ್‌ನ ವೆಸ್ಟ್ ವಿಲೇಜ್ ಬಡಾವಣೆಯಲ್ಲಿ ಪತ್ತೆಯಾಯಿತು. ನ್ಯೂಯಾರ್ಕ್ ರಾಜ್ಯಕ್ಕೆ ಇದು ಮೊದಲ ದಾಖಲೆ. ಇದರ ಹತ್ತಿರದ ಬಂಧುವಾದ ಟ್ರಾಪಿಕಲ್ ಕಿಂಗ್‌ಬರ್ಡ್ ನೋಟಕ್ಕೆ ಇದರಂತೆಯೇ ಇರುವುದರಿಂದ, ಎರಡನ್ನೂ ಖಚಿತವಾಗಿ ಗುರುತಿಸಲು ಕೂಗನ್ನೇ ಆಶ್ರಯಿಸಬೇಕಾಗುತ್ತದೆ. 2008ರ ಆರಂಭದಲ್ಲಿ ನೈಋತ್ಯದ ಮರುಭೂಮಿ ಪ್ರದೇಶದ ಸ್ಕಾಟ್ ಓರಿಯೋಲ್, ಗಾಂಧೀಜಿಯವರ ಪ್ರತಿಮೆಯಿರುವ ಯೂನಿಯನ್ ಸ್ಕ್ವೇರ್ ಉದ್ಯಾನದಲ್ಲಿ ಕಂಡುಬಂದಿತು. (ನಮ್ಮ ಹೊನ್ನಕ್ಕಿಗೂ ಇದಕ್ಕೂ ಓರಿಯೋಲ್ ಎಂಬ ಹೆಸರಷ್ಟೇ ಸಮಾನ, ಕುಟುಂಬಗಳು ಬೇರೆ.) 2015ರ ಕೊನೆಯಲ್ಲಿ ನೀಲಿ ತಲೆ, ಹಸಿರು ಬೆನ್ನು, ಕೆಂಪು ಎದೆಯ ಗಂಡು ಪೇಂಟೆಡ್ ಬಂಟಿಂಗ್ ಪ್ರಾಸ್ಪೆಕ್ಟ್ ಪಾರ್ಕಿಗೆ ಬಂದು ಜನರನ್ನು ಸೆಳೆಯಿತು.

ಹಿಮಗೂಬೆ

ನಗರದ ಚಳಿಗಾಲದ ಅತಿಥಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಹಿಮಗೂಬೆ. ಉತ್ತರ ಧ್ರುವದ ಸುತ್ತಲಿನ ಮರಗಳಿಲ್ಲದ ಟಂಡ್ರಾ ಬಯಲಿನಲ್ಲಿ ಮರಿಮಾಡುವ ಈ ಪಕ್ಷಿಯ ಮುಖ್ಯ ಆಹಾರ ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿ. ಆಹಾರ ಸಿಗದೆ ಹಸಿದ ಗೂಬೆಗಳು ದಕ್ಷಿಣಕ್ಕೆ ಓಡಿಬರುತ್ತವೆ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. 2013-14ರ ಚಳಿಗಾಲದ ಅನುಭವ ಇದಕ್ಕೆ ವಿರುದ್ಧವಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಕೆನಡಾದ ಉತ್ತರ ಕ್ವಿಬೆಕ್‌ನಲ್ಲಿ ಲೆಮ್ಮಿಂಗ್‌ಗಳು ಹೇರಳವಾಗಿದ್ದವು; ಗೂಡುಗಳ ಸುತ್ತ ಸತ್ತ ಲೆಮ್ಮಿಂಗ್‌ಗಳ ರಾಶಿಯೇ ಇತ್ತು. ಹೆಚ್ಚು ಮರಿಗಳು ಬದುಕಿ ಬೆಳೆದವು, ಚಳಿಗಾಲದಲ್ಲಿ ಆ ಎಳೆಯ ಗೂಬೆಗಳು ನೆಲೆ ಹುಡುಕುತ್ತ ಚದುರಿದವು. ಹಾಗೆ ಬಂದವುಗಳಲ್ಲಿ ಅನೇಕವು ಪುಷ್ಟವಾಗಿಯೇ ಇದ್ದವು. ಕೆಲವು ಫ್ಲಾರಿಡಾ ಮತ್ತು ಬರ್ಮುಡಾವರೆಗೂ ತಲಪಿದವು. ಅಂದರೆ ಬರಗಾಲವಲ್ಲ, ಸುಭಿಕ್ಷವೇ ಆ ವರ್ಷದ ವಲಸೆಗೆ ಮೂಲವಾಗಿತ್ತು.

ಬಂದ ಗೂಬೆಗಳು ನಿಂತದ್ದೆಲ್ಲಿ? ಟಂಡ್ರಾದಂತೆಯೇ ಮರವಿಲ್ಲದ ಸಮತಟ್ಟಾದ ಬಯಲು ಅವುಗಳಿಗೆ ಬೇಕು. ನ್ಯೂಯಾರ್ಕ್ ಸುತ್ತಮುತ್ತ ಅಂತಹ ಸ್ಥಳಗಳೆಂದರೆ ಕಡಲತೀರದ ಮರಳುದಿಣ್ಣೆಗಳು ಮತ್ತು ವಿಮಾನ ನಿಲ್ದಾಣಗಳು. ವಿಮಾನಗಳಿಗೆ ಗೂಬೆಗಳು ಬಡಿದ ಘಟನೆಗಳು ನಡೆದವು. 2013ರ ಡಿಸೆಂಬರ್‌ನಲ್ಲಿ ಜಾನ್ ಎಫ್. ಕೆನಡಿ ವಿಮಾನ ನಿಲ್ದಾಣದಲ್ಲಿ ಮೂರು ಹಿಮಗೂಬೆಗಳನ್ನು ಗುಂಡಿಕ್ಕಿ ಕೊಲ್ಲಲಾಯಿತು. ಸಾರ್ವಜನಿಕರ ಪ್ರತಿಭಟನೆ ತೀವ್ರವಾದುದರಿಂದ, ನಿಲ್ದಾಣದ ಆಡಳಿತ ನಡೆಸುವ ಬಂದರು ಪ್ರಾಧಿಕಾರವು ಕೆಲವೇ ದಿನಗಳಲ್ಲಿ ಕ್ರಮವನ್ನು ಬದಲಿಸಿ, ಗೂಬೆಗಳನ್ನು ಬಲೆಯಿಂದ ಹಿಡಿದು ದೂರ ಒಯ್ದು ಬಿಡುವ ಪದ್ಧತಿಗೆ ಒಪ್ಪಿತು. ಪ್ರಯಾಣಿಕರ ಸುರಕ್ಷತೆ ಮತ್ತು ಪಕ್ಷಿಯ ಜೀವ ಇವೆರಡರಲ್ಲಿ ಒಂದನ್ನೇ ಆರಿಸಬೇಕೆಂದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

2021ರ ಜನವರಿ 27ರಂದು ಸೆಂಟ್ರಲ್ ಪಾರ್ಕಿನ ಉತ್ತರ ಭಾಗದ ಬೇಸ್‌ಬಾಲ್ ಅಂಗಳದಲ್ಲಿ ಹಿಮಗೂಬೆಯೊಂದು ಬಂದಿಳಿಯಿತು. ಆ ಉದ್ಯಾನದಲ್ಲಿ ಇದಕ್ಕೆ ಹಿಂದಿನ ದಾಖಲೆ 1890ರದು. ಕಾಗೆಗಳು ಅದನ್ನು ಪೀಡಿಸಿದವು. ಬೇಲಿಯಾಚೆ ಜನ ಸೇರಿದರು. ಸಾಮಾಜಿಕ ಜಾಲತಾಣದಲ್ಲಿ ಹಕ್ಕಿಯ ಸ್ಥಳವನ್ನು ಒಡನೆಯೇ ಪ್ರಕಟಿಸುವುದು ಸರಿಯೇ ಎಂಬ ಚರ್ಚೆಯೂ ಎದ್ದಿತು. ಗೂಬೆಗಳ ವಿಷಯದಲ್ಲಿ ಈ ಪ್ರಶ್ನೆ ಗಂಭೀರವಾದುದು: ಹಗಲಿನಲ್ಲಿ ವಿಶ್ರಮಿಸುವ ಹಕ್ಕಿಯನ್ನು ಛಾಯಾಚಿತ್ರಕ್ಕಾಗಿ ಪದೇಪದೇ ಎಬ್ಬಿಸಿದರೆ, ಅದು ಚಳಿಗಾಲಕ್ಕೆಂದು ಉಳಿಸಿಕೊಂಡ ಶಕ್ತಿಯನ್ನು ವ್ಯರ್ಥವಾಗಿ ವ್ಯಯಿಸಬೇಕಾಗುತ್ತದೆ.

ದಾಖಲೆಯ ಪರಂಪರೆ

1886ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞ ಮ್ಯಾನ್‌ಹಟನ್‌ನ ಬೀದಿಗಳಲ್ಲಿ ಎರಡು ಬಾರಿ ನಡೆದು, ಮಹಿಳೆಯರ ಟೋಪಿಗಳ ಮೇಲಿದ್ದ ಹಕ್ಕಿಗಳನ್ನು ಎಣಿಸಿದ. ನೋಡಿದ 700 ಟೋಪಿಗಳಲ್ಲಿ 542ರಲ್ಲಿ ಗರಿಗಳೋ ಇಡೀ ಹಕ್ಕಿಗಳೋ ಇದ್ದವು; ಆತ ಗುರುತಿಸಿದ್ದು 40 ಪ್ರಭೇದಗಳನ್ನು. ಚಳಿಗಾಲದ ಅತಿಥಿಯಾದ ಸ್ನೋ ಬಂಟಿಂಗ್ ಕೂಡ ಆ ಪಟ್ಟಿಯಲ್ಲಿತ್ತು. ಮುಂದೆ ಅಮೆರಿಕನ್ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದ್ದಾಗ ಈತನೇ, ಕ್ರಿಸ್‌ಮಸ್ ದಿನದ ಬೇಟೆಯ ಪಂದ್ಯಕ್ಕೆ ಬದಲಾಗಿ ಹಕ್ಕಿಗಳನ್ನು ಎಣಿಸೋಣ ಎಂದು ಸೂಚಿಸಿದ. 1900ರ ಡಿಸೆಂಬರ್ 25ರಂದು 27 ಮಂದಿ 25 ಸ್ಥಳಗಳಲ್ಲಿ ಎಣಿಸಿದರು. ಸೆಂಟ್ರಲ್ ಪಾರ್ಕ್ ಅವುಗಳಲ್ಲಿ ಒಂದು. ಕ್ರಿಸ್‌ಮಸ್ ಹಕ್ಕಿ ಗಣತಿ ಎಂಬ ಹೆಸರಿನಲ್ಲಿ ಇದು ಇಂದಿಗೂ ನಡೆಯುತ್ತಿದೆ. ವಲಸೆ ಹಕ್ಕಿಗಳನ್ನು ಕೊಲ್ಲುವುದನ್ನು ನಿರ್ಬಂಧಿಸುವ ಕಾಯಿದೆ 1918ರಲ್ಲಿ ಬಂದಿತು.

ಕಂಡದ್ದೆಲ್ಲವೂ ದಾಖಲೆಯಾಗುವುದಿಲ್ಲ. ಛಾಯಾಚಿತ್ರ, ಧ್ವನಿಮುದ್ರಣ, ವಿವರಣೆಗಳನ್ನು ಅನುಭವಿಗಳು ಪರಿಶೀಲಿಸುತ್ತಾರೆ. 2018ರ ಅಕ್ಟೋಬರ್‌ನಲ್ಲಿ ಸೆಂಟ್ರಲ್ ಪಾರ್ಕಿನ ಕೊಳದಲ್ಲಿ ಕಾಣಿಸಿಕೊಂಡ ಬಣ್ಣಬಣ್ಣದ ಮ್ಯಾಂಡರಿನ್ ಬಾತುಕೋಳಿ ಜಗತ್ತಿನಾದ್ಯಂತ ಹೆಸರಾಯಿತು. ಆದರೆ ಅದು ಪೂರ್ವ ಏಷ್ಯಾದ ಹಕ್ಕಿ, ಕಾಲಿನಲ್ಲಿ ಪಟ್ಟಿಯಿತ್ತು. ಸಾಕಿದವರ ಬಳಿಯಿಂದ ತಪ್ಪಿಸಿಕೊಂಡದ್ದೆಂದು ಪರಿಗಣಿಸಿ, ಅದನ್ನು ಕಾಡುಹಕ್ಕಿಗಳ ಲೆಕ್ಕಕ್ಕೆ ಸೇರಿಸಲಿಲ್ಲ. ಪ್ರಸಿದ್ಧಿ ಬೇರೆ, ಅಪರೂಪ ಬೇರೆ.

ನಗರದಲ್ಲಿನ ಅಪಾಯಗಳು

ಕಟ್ಟಡಗಳ ಗಾಜಿಗೆ ಬಡಿದು ನಗರದಲ್ಲಿ ವರ್ಷಕ್ಕೆ 90,000ದಿಂದ 2,30,000 ಹಕ್ಕಿಗಳು ಸಾಯುತ್ತವೆಂದು ಅಂದಾಜಿದೆ. ಹೊಸ ಕಟ್ಟಡಗಳ ಕೆಳಗಿನ 75 ಅಡಿಗಳವರೆಗೆ ಹಕ್ಕಿಗಳಿಗೆ ಕಾಣುವಂತಹ ಗಾಜನ್ನೇ ಬಳಸಬೇಕೆಂಬ ನಿಯಮ 2021ರಲ್ಲಿ ಜಾರಿಗೆ ಬಂದಿತು. ಬೇಟೆಗಾರ ಹಕ್ಕಿಗಳಿಗೆ ಇಲಿಪಾಷಾಣ ಇನ್ನೊಂದು ಕಂಟಕ. 2020ರ ಅಕ್ಟೋಬರ್‌ನಲ್ಲಿ ಸೆಂಟ್ರಲ್ ಪಾರ್ಕಿಗೆ ಬಂದು ಆ ಚಳಿಗಾಲವನ್ನು ಅಲ್ಲಿಯೇ ಕಳೆದ ಬಾರ್ಡ್ ಗೂಬೆಯೊಂದನ್ನು ಜನ ಬ್ಯಾರಿ ಎಂದು ಕರೆದರು. 2021ರ ಆಗಸ್ಟ್ 6ರಂದು ಉದ್ಯಾನದ ನಿರ್ವಹಣಾ ವಾಹನಕ್ಕೆ ಬಡಿದು ಅದು ಸತ್ತಿತು. ಶವಪರೀಕ್ಷೆಯಲ್ಲಿ ಅದರ ದೇಹದಲ್ಲಿ, ಪ್ರಾಣಕ್ಕೇ ಎರವಾಗಬಹುದಾದಷ್ಟು ಇಲಿಪಾಷಾಣ ಪತ್ತೆಯಾಯಿತು.