ಮೊಮ್ಮಕ್ಕಳೊಡನೆ ಒಂದು ಬೆಳಗು

ಅಸಲಿಗಿಂತ ಬಡ್ಡಿಯ ಮೇಲೆ ಆಸೆ ಹೆಚ್ಚು ಎಂದು ನಮ್ಮ ಹಿರಿಯರು ಆಡುತ್ತಿದ್ದುದು ಸಾಲ ಕೊಟ್ಟವರನ್ನು ಕುರಿತಷ್ಟೇ ಅಲ್ಲ, ಮೊಮ್ಮಕ್ಕಳನ್ನು ಕಂಡವರನ್ನು ಕುರಿತೂ ಹೌದು. ಕಚೇರಿ, ಮನೆಬಾಡಿಗೆ, ಶಾಲೆಯ ಶುಲ್ಕಗಳ ನಡುವೆ ನಮ್ಮ ಮಗಳ ಬಾಲ್ಯ ಯಾವಾಗ ಕಳೆದುಹೋಯಿತೆಂಬುದೇ ನನಗೆ ತಿಳಿಯಲಿಲ್ಲ. ಆ ಹಳೆಯ ಬಾಕಿಯನ್ನು ಮೊಮ್ಮಕ್ಕಳ ಲೆಕ್ಕದಲ್ಲಿ ತೀರಿಸುವ ಅವಕಾಶ ಕಳೆದ ಬೇಸಗೆಯಲ್ಲಿ ಒದಗಿತು.

ಪುಣೆಯಲ್ಲಿರುವ ಮಗಳು ಏಳು ವರ್ಷದ ಮಗನನ್ನೂ ಮೂರು ವರ್ಷದ ಮಗಳನ್ನೂ ಕರೆದುಕೊಂಡು ರಜೆಗೆ ಬಂದಿದ್ದಳು. ಇರುವುದು ಹತ್ತೇ ದಿನ. ನಾನು ಉತ್ಸಾಹದಿಂದ ಪಟ್ಟಿ ಬರೆದೆ: ಬೆಳಗ್ಗೆ ಲಾಲ್‌ಬಾಗ್, ಮಧ್ಯಾಹ್ನ ವಸ್ತುಸಂಗ್ರಹಾಲಯ, ಸಂಜೆ ಕಬ್ಬನ್ ಪಾರ್ಕ್. ನನ್ನಾಕೆ ಅದನ್ನೋದಿ, “ಇದು ಮಕ್ಕಳಿಗೋ, ತಪಾಸಣೆಗೆ ಹೊರಟ ಅಧಿಕಾರಿಗೋ?” ಎಂದಳು. ಲಾಲ್‌ಬಾಗ್ ಒಂದೇ ಉಳಿಯಿತು.

ಮಗಳದು ಇನ್ನೊಂದು ಆಕ್ಷೇಪಣೆ: “ಚಿಕ್ಕವಳು ಮನೆಯಲ್ಲೇ ಇರಲಿ, ಅಪ್ಪ. ಅವಳಿಗೆ ಇದೊಂದೂ ನೆನಪಿರುವುದಿಲ್ಲ.”

ಆ ಮಾತು ಸುಳ್ಳಲ್ಲ. ದೊಡ್ಡವರಾದ ಮೇಲೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನ ಸಂಗತಿಗಳು ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿರುವುದಿಲ್ಲವೆಂದು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಬಲ್ಲರು. ನನಗೋ ಎಪ್ಪತ್ತನಾಲ್ಕು ವರ್ಷ. ಅವಳಿಗೆ ನೆನಪು ನಿಲ್ಲುವ ವಯಸ್ಸಾಗುವಾಗ ಕೈಹಿಡಿದು ನಡೆಸಲು ನಾನಿರುವೆನೆಂದು ಹೇಳುವವರಾರು? ಆದರೂ ಅವಳನ್ನು ಬಿಟ್ಟುಹೋಗಲು ಮನಸ್ಸು ಬಾರಲಿಲ್ಲ.

ಬಂಡೆಯೂ ಇರುವೆಯೂ

ಮೆಟ್ರೋ ರೈಲಿನಲ್ಲಿ ಹೋಗಿ ಬಿಸಿಲೇರುವ ಮೊದಲೇ ತೋಟ ಸೇರಿದೆವು. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆಗಳಷ್ಟಿದೆ. ಮೊದಲು ಬಂಡೆಯ ಗುಡ್ಡವನ್ನೇರಿದೆವು. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಈ ಶಿಲೆಗೆ ಸುಮಾರು ಮುನ್ನೂರು ಕೋಟಿ ವರ್ಷಗಳ ವಯಸ್ಸೆಂದು ಮೊಮ್ಮಗನಿಗೆ ತಿಳಿಸಿದೆ. ಅವನು ಬಂಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ತಾತ, ನಿಮಗಿಂತಲೂ ದೊಡ್ಡದೆ?” ಎಂದು ಕೇಳಿದ.

ಚಿಕ್ಕವಳಿಗೆ ಗೋಪುರವೂ ಬೇಡ, ಕೋಟಿಯೂ ಬೇಡ. ಬಂಡೆಯ ಬಿರುಕಿನಲ್ಲಿ ಹರಿಯುತ್ತಿದ್ದ ಇರುವೆಸಾಲಿನ ಮುಂದೆ ಕುಳಿತುಬಿಟ್ಟಳು. ಗಾಜಿನ ಮನೆ ನೋಡುವುದಿದೆ, ಬಿಸಿಲಾಗುತ್ತದೆ ಎಂದು ನಾನು ಅವಸರಪಡಿಸಿದೆ. ಅವಳು ಕದಲಲಿಲ್ಲ. ಅವಳಜ್ಜಿ ಪಕ್ಕದಲ್ಲೇ ಕುಳಿತು ಚೀಲದಿಂದ ಚಕ್ಕುಲಿ ತೆಗೆದು ಒಂದು ಚೂರನ್ನು ಸಾಲಿನ ಬಳಿ ಇಟ್ಟಳು. ಇರುವೆಗಳು ಸುತ್ತುವರಿದು ಅದನ್ನು ಎಳೆದುಕೊಂಡು ಹೊರಟವು. ಬೇಸರದಿಂದ ನಿಂತಿದ್ದ ಅಣ್ಣನೂ ಬಂದು ಬಗ್ಗಿ ನೋಡಿದ. ಅರ್ಧ ಗಂಟೆ ಕಳೆಯಿತು.

ಅನಂತರ ಗಾಜಿನ ಮನೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ ಕಟ್ಟಿದ ಇದಕ್ಕೆ 1889ರಲ್ಲಿ ಅಡಿಗಲ್ಲಿಟ್ಟರು. ಆ ಮೂಲ ಕಟ್ಟಡ 1936ರಲ್ಲಿ ಬೆಂಕಿಗೆ ಆಹುತಿಯಾಯಿತು, ನಮ್ಮದು ನಿಂತಿದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಚಿಕ್ಕವಳು ಅಜ್ಜಿಯ ಹೆಗಲ ಮೇಲೆ ನಿದ್ರೆ ಹೋಗಿದ್ದಳು.

ಮಗಳು ಹೇಳಿದ ಮಾತು

ಹೊರಗೆ ಬಂದು ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಮಗಳನ್ನು ಕೇಳಿದೆ: “ನಿನ್ನನ್ನೂ ಒಮ್ಮೆ ಫಲಪುಷ್ಪ ಪ್ರದರ್ಶನಕ್ಕೆ ಕರೆತಂದಿದ್ದೆ. ನೆನಪಿದೆಯೇನಮ್ಮ?”

ಅವಳು ನಕ್ಕಳು. “ಹೂವು ನೆನಪಿಲ್ಲ, ಅಪ್ಪ. ನೀವು ಮತ್ತೆ ಮತ್ತೆ ಕೈಗಡಿಯಾರ ನೋಡುತ್ತಿದ್ದುದು ನೆನಪಿದೆ.”

ಆಕ್ಷೇಪಣೆಯ ದನಿಯಲ್ಲಿ ಆಕೆ ಹೇಳಲಿಲ್ಲ. ಆದರೆ ಇಡ್ಲಿಯ ತುತ್ತು ನನ್ನ ಗಂಟಲಲ್ಲಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸ್ವಲ್ಪ ಹೊತ್ತಿನ ಹಿಂದೆ ಬಂಡೆಯ ಮೇಲೆ ನಾನು ಮಾಡಿದ್ದಾದರೂ ಮತ್ತೇನು?

ನೆನಪು ಉಳಿಯುವ ಬಗೆ

ಎಳೆಯ ಮಕ್ಕಳ ನೆನಪು ಒಮ್ಮೆ ನೋಡಿದ್ದರಿಂದಲೇ ಉಳಿಯುವುದಲ್ಲ. ಮನೆಯವರು ಮತ್ತೆ ಮತ್ತೆ ಆಡುವ ಮಾತಿನಿಂದ ಬಲಗೊಳ್ಳುತ್ತದೆ. ನಡೆದುದನ್ನು ಕುರಿತು ಮಕ್ಕಳೊಡನೆ ವಿವರವಾಗಿ ಮಾತನಾಡುವ ಮನೆಗಳಲ್ಲಿ ಅವರು ಹೆಚ್ಚು ನೆನಪಿಡುತ್ತಾರೆಂದು ಸಂಶೋಧಕರು ಕಂಡಿದ್ದಾರೆ. “ಚೆನ್ನಾಗಿತ್ತೆ?” ಎಂದರೆ ಮಗು “ಹೂಂ” ಎಂದು ಸುಮ್ಮನಾಗುತ್ತದೆ. “ಆಮೇಲೆ ಇರುವೆ ಏನು ಮಾಡಿತು?” ಎಂದರೆ ಕಥೆಯೇ ಹೊರಡುತ್ತದೆ. ನಮ್ಮ ಅಜ್ಜಿಯಂದಿರು ಕೈತುತ್ತು ಹಾಕುತ್ತ ಮಾಡುತ್ತಿದ್ದುದೂ ಇದನ್ನೇ ಅಲ್ಲವೆ?

ಅಂದು ರಾತ್ರಿ ಹಾಗೆಯೇ ಕೇಳಿದೆ. ಮೊಮ್ಮಗ ಗೋಪುರದಿಂದ ಆರಂಭಿಸಿ ಚಕ್ಕುಲಿಗೆ ಬಂದ. ತಂಗಿ ನಡುನಡುವೆ ತಿದ್ದಿದಳು. ನಾನು ದಿನಚರಿಯಲ್ಲಿ ದಿನಾಂಕ ಹಾಕಿ ಅವರಿಬ್ಬರ ಮಾತನ್ನು ಹೇಳಿದಂತೆಯೇ ಬರೆದಿಟ್ಟೆ. ಈಗ ಭಾನುವಾರ ಪುಣೆಯಿಂದ ಫೋನು ಬಂದಾಗ ಚಿಕ್ಕವಳದು ಒಂದೇ ಬೇಡಿಕೆ: “ತಾತ, ಇರುವೆ ಕಥೆ ಹೇಳಿ.” ನಾನೊಂದು ವಿವರ ತಪ್ಪಿಸಿದರೆ ಅವಳಣ್ಣ ಸರಿಪಡಿಸುತ್ತಾನೆ.

ಮೊಮ್ಮಕ್ಕಳೊಡನೆ ಹೊರಡಲಿರುವ ನನ್ನ ವಯಸ್ಸಿನವರಿಗೆ ಇಷ್ಟನ್ನು ಹೇಳಬಲ್ಲೆ. ಒಂದು ದಿನಕ್ಕೆ ಒಂದೇ ಜಾಗ ಸಾಕು. ಬೆಳಗಿನ ತಂಪಿನಲ್ಲಿ ಹೊರಡಿ. ಮಕ್ಕಳಿಗೆ ನಿದ್ರೆ ಬರುವ ಮೊದಲು ಮರಳಿ. ಮಗು ನಿಂತಲ್ಲಿ ನೀವೂ ನಿಲ್ಲಿರಿ. ಚಿತ್ರ ಒಂದೆರಡು ತೆಗೆದರೆ ಸಾಕು. ಮಾತು ಮಾತ್ರ ಬಹಳ ಆಡಿರಿ.

ಚಿಕ್ಕವಳಿಗೆ ಮುಂದೆ ಅಂದಿನ ಬಂಡೆ, ಬಿಸಿಲು, ತಾತನ ಮುಖ ನೆನಪಿರದೆ ಹೋಗಬಹುದು. ಚಿಂತೆಯಿಲ್ಲ. ಕಥೆ ಅವಳಣ್ಣನಲ್ಲಿದೆ, ದಿನಚರಿಯಲ್ಲಿದೆ. ಬರುವ ಬೇಸಗೆಯಲ್ಲಿ ಮತ್ತೆ ಅದೇ ಬಂಡೆಗೆ ಹೋಗುವುದೆಂದು ನಿಶ್ಚಯವಾಗಿದೆ. ಚಕ್ಕುಲಿ ಅಜ್ಜಿಯದು. ಕೈಗಡಿಯಾರವನ್ನು ಮನೆಯಲ್ಲಿ ಬಿಟ್ಟು ಬರುವ ಹೊಣೆ ನನ್ನದು.