ಬಿದ್ದ ಮರದ ಸೌದೆ: ಸರಪಳಿ ಗರಗಸದಿಂದ ಕೊಯ್ದು ಒಣಗಿಸುವ ಕ್ರಮ

ಮಲೆನಾಡಿನ ತಾಲ್ಲೂಕುಗಳಲ್ಲಿ ಪ್ರತಿ ವರ್ಷವೂ ಮುಂಗಾರಿನ ಗಾಳಿಗೆ ತೋಟದ ಅಂಚಿನಲ್ಲಿಯೂ ಬೇಲಿಯ ಸಾಲಿನಲ್ಲಿಯೂ ಮರಗಳು ಉರುಳುವುದುಂಟು. ಕಾಫಿ ತೋಟಗಳಲ್ಲಿ ನೆರಳನ್ನು ಹದಗೊಳಿಸುವಾಗ ಕಡಿದ ಕೊಂಬೆಗಳೂ ರಾಶಿಯಾಗಿ ಬೀಳುತ್ತವೆ. ಬಚ್ಚಲ ಹಂಡೆಗೆ, ದನಗಳಿಗೆ ಅಕ್ಕಚ್ಚು ಕಾಯಿಸುವುದಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಅಡಿಕೆ ಬೇಯಿಸುವ ಒಲೆಗೆ ಸೌದೆಯ ಅವಶ್ಯಕತೆ ಬಹಳವಿರುವುದರಿಂದ, ಹಣ ಕೊಡದೆ ದೊರೆಯುವ ಈ ಕಟ್ಟಿಗೆಯು ಹಿಡುವಳಿದಾರರಿಗೆ ದೊಡ್ಡ ಅನುಕೂಲವೇ ಸರಿ.

ಹಿಂದೆ ಇಂತಹ ಮರವನ್ನು ಕೊಡಲಿಯಿಂದಲೂ ಇಬ್ಬರು ಎಳೆಯುವ ಗರಗಸದಿಂದಲೂ ದಿನಗಟ್ಟಳೆ ಕಡಿಯುತ್ತಿದ್ದರು. ಈಗ ಪೆಟ್ರೋಲಿನಿಂದ ನಡೆಯುವ ಸರಪಳಿ ಗರಗಸವು ಹಳ್ಳಿಗಳಿಗೂ ಬಂದಿದೆ. ನಾಲ್ಕು ದಿನದ ಕೆಲಸವು ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ಪುಕ್ಕಟೆ ಸೌದೆಗೂ ಬೆಲೆಯುಂಟು. ಹಕ್ಕಿಲ್ಲದ ಸ್ಥಳದಿಂದ ತಂದರೆ ಮೊಕದ್ದಮೆಯ ರೂಪದಲ್ಲಿ, ಕ್ರಮ ತಪ್ಪಿ ಕೊಯ್ದರೆ ಅಂಗಹಾನಿಯ ರೂಪದಲ್ಲಿ, ಹಸಿಯಾಗಿಯೇ ಉರಿಸಿದರೆ ಹೊಗೆಯ ರೂಪದಲ್ಲಿ ಆ ಬೆಲೆಯನ್ನು ತೆರಬೇಕಾಗುತ್ತದೆ. ಈ ಮೂರು ನಷ್ಟಗಳನ್ನೂ ತಪ್ಪಿಸಿಕೊಳ್ಳುವ ಬಗೆಯನ್ನು ಮುಂದೆ ವಿವರಿಸಿದೆ.

1. ಬಿದ್ದ ಮರ ಯಾರದು?

ಮರವು ನೆಲಕ್ಕೆ ಬಿದ್ದ ಮಾತ್ರಕ್ಕೆ ಕಂಡವರ ಸೊತ್ತಾಗುವುದಿಲ್ಲ. ನೆರೆಯವನ ಮರ ತನ್ನ ಜಮೀನಿಗೆ ಬಿದ್ದರೂ ಅದು ನೆರೆಯವನದೇ. ರಸ್ತೆಯ ಬದಿಯ ಸಾಲುಮರಗಳು ಸರ್ಕಾರದವು. ಮೀಸಲು ಅರಣ್ಯದಿಂದ ಅಪ್ಪಣೆಯಿಲ್ಲದೆ ಕಟ್ಟಿಗೆ ತರುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮಕ್ಕೆ ವಿರುದ್ಧ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ನಿರ್ಬಂಧಗಳು ಇನ್ನೂ ಕಠಿಣವಾದವು. ಸೊಪ್ಪಿನಬೆಟ್ಟಗಳಲ್ಲಿ ಸೊಪ್ಪು ದರಗು ತರುವ ಸೌಲಭ್ಯವಿದ್ದ ಮಾತ್ರಕ್ಕೆ ಅಲ್ಲಿಯ ಮರಗಳನ್ನು ಯಂತ್ರದಿಂದ ಕೊಯ್ಯುವ ಅಧಿಕಾರ ಬಂದಿತೆಂದು ಭಾವಿಸಕೂಡದು.

ಸ್ವಂತ ಹಿಡುವಳಿಯಲ್ಲಿರುವ ಮರವನ್ನು ಕಡಿಯುವುದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ವೃಕ್ಷ ಅಧಿಕಾರಿಯವರ ಅನುಮತಿ ಬೇಕು. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಸತ್ತ, ರೋಗ ಹಿಡಿದ ಅಥವಾ ಗಾಳಿಗೆ ಬಿದ್ದ ಮರದ ವಿಷಯದಲ್ಲಿ ಅನುಮತಿಯನ್ನು ನಿರಾಕರಿಸಕೂಡದೆಂದು ಅದೇ ಅಧಿನಿಯಮವು ವಿಧಿಸಿದೆ. ಹೀಗಿರುವಾಗ ಒಂದು ಅರ್ಜಿಯ ಶ್ರಮಕ್ಕೆ ಬೇಸತ್ತು ತೊಂದರೆಯನ್ನು ತಂದುಕೊಳ್ಳುವುದು ವಿವೇಕವಲ್ಲ. ಶ್ರೀಗಂಧ, ಬೀಟೆ, ತೇಗ ಮುಂತಾದ ಬೆಲೆಬಾಳುವ ಮರ ಬಿದ್ದಿದ್ದರೆ ಅದನ್ನು ಮುಟ್ಟುವುದಕ್ಕೆ ಮೊದಲೇ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ಕಟ್ಟಿಗೆಯನ್ನು ಗಾಡಿಯಲ್ಲಿ ಹೊರಗೆ ಸಾಗಿಸುವುದಾದರೆ ರಹದಾರಿಯ ವಿಷಯವನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

2. ಯಂತ್ರದ ಸ್ವರೂಪ

ಸರಪಳಿ ಗರಗಸದಲ್ಲಿ ಒಂದು ಚಿಕ್ಕ ಎಂಜಿನೂ, ಅದರ ಮುಂದಕ್ಕೆ ಚಾಚಿದ ಚಪ್ಪಟೆಯಾದ ಉಕ್ಕಿನ ಪಟ್ಟಿಯೂ, ಆ ಪಟ್ಟಿಯ ಸುತ್ತ ಓಡುವ ಹಲ್ಲಿನ ಸರಪಳಿಯೂ ಇರುತ್ತವೆ. ಈಗ ಬಳಕೆಯಲ್ಲಿರುವ ಹಲ್ಲಿನ ಮಾದರಿಯನ್ನು ಕಂಡುಹಿಡಿದವನು ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಬುಫೋರ್ಡ್ ಕಾಕ್ಸ್ ಎಂಬಾತ. ಮರ ಕೊರೆಯುವ ಹುಳುವಿನ ಮರಿಯು ತನ್ನ ದವಡೆಗಳಿಂದ ಎಡಕ್ಕೂ ಬಲಕ್ಕೂ ಕತ್ತರಿಸುತ್ತ ಗಟ್ಟಿ ಮರದೊಳಗೆ ಸಲೀಸಾಗಿ ಸಾಗುವುದನ್ನು ನೋಡಿ ಅವನು ಅದೇ ಕ್ರಮದಲ್ಲಿ ಹಲ್ಲುಗಳನ್ನು ಜೋಡಿಸಿದನು. ಆ ಸರಪಳಿಯು 1947ರಲ್ಲಿ ಮಾರಾಟಕ್ಕೆ ಬಂದಿತು. ಕಾಫಿಯ ಕಾಂಡ ಕೊರೆಯುವ ಹುಳುವಿನ ಹಾವಳಿಯನ್ನು ಕಂಡಿರುವ ಬೆಳೆಗಾರರಿಗೆ ಇದರ ಶಕ್ತಿಯನ್ನು ಬೇರೆ ಹೇಳಬೇಕಾಗಿಲ್ಲ.

ಪೂರ್ಣ ವೇಗದಲ್ಲಿ ಸರಪಳಿಯು ಸೆಕೆಂಡಿಗೆ ಸುಮಾರು 20 ಮೀಟರ್ ದೂರ ಓಡುತ್ತದೆ. ಕೈ ಜಾರಿತೆಂದು ಮನಸ್ಸಿಗೆ ತಿಳಿಯುವುದರೊಳಗೆ ಗಾಯವಾಗಿ ಹೋಗಿರುತ್ತದೆ. ಪಟ್ಟಿಯ ತುದಿಯ ಮೇಲ್ಭಾಗವು ಅತ್ಯಂತ ಅಪಾಯದ ಸ್ಥಳ. ಆ ಭಾಗವು ಕೊಂಬೆಗೋ ಇನ್ನೊಂದು ದಿಮ್ಮಿಗೋ ತಗುಲಿದರೆ ಗರಗಸವು ಥಟ್ಟನೆ ಹಿಂದಕ್ಕೆ ಒದ್ದು, ಹಿಡಿದವನ ಮುಖ, ಕುತ್ತಿಗೆಗಳ ಕಡೆಗೆ ಏರುತ್ತದೆ. ಆದುದರಿಂದ ತುದಿಯಿಂದ ಎಂದಿಗೂ ಕೊಯ್ಯಕೂಡದು. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯನ್ನು ಪೂರ್ತಿಯಾಗಿ ಬಳಸಿ ಹಿಡಿದಿರಬೇಕು. ಹೆಗಲಿಗಿಂತ ಎತ್ತರಕ್ಕೆ ಗರಗಸವನ್ನು ಎತ್ತಕೂಡದು. ಏಣಿಯ ಮೇಲೆ ನಿಂತು ಕೊಯ್ಯಕೂಡದು. ಸರಪಳಿಯ ಬ್ರೇಕು ಕೆಲಸ ಮಾಡುವುದೇ ಎಂಬುದನ್ನು ದಿನವೂ ಮೊದಲೇ ಪರೀಕ್ಷಿಸತಕ್ಕದ್ದು.

ಎಂಜಿನಿಗೆ ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಹಾಕಬೇಕು. 50ಕ್ಕೆ 1ರ ಪ್ರಮಾಣವನ್ನು ಸೂಚಿಸಿರುವ ಯಂತ್ರಕ್ಕೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1ರ ಯಂತ್ರಕ್ಕೆ 40 ಮಿಲಿಲೀಟರ್ ಎಣ್ಣೆ ಬೇಕು. ಸರಪಳಿಗೆ ಹಾಕುವ ಎಣ್ಣೆಯು ಬೇರೆ. ಅದರ ತೊಟ್ಟಿಯೂ ಬೇರೆ. ಬಿಸಿಯಾದ ಯಂತ್ರಕ್ಕೆ ಪೆಟ್ರೋಲ್ ಹಾಕಕೂಡದು. ಬೇಸಗೆಯಲ್ಲಿ ಒಣ ದರಗಿನ ಮೇಲೆ ಬಿಸಿ ಯಂತ್ರವನ್ನು ಇಟ್ಟು ಹೋದರೆ ತೋಟಕ್ಕೇ ಬೆಂಕಿ ತಗುಲಬಹುದು.

ಹಲ್ಲು ಹರಿತವಾಗಿದ್ದರೆ ದಪ್ಪನಾದ ಚಕ್ಕೆಗಳು ಉದುರುತ್ತವೆ. ಮೊಂಡಾಗಿದ್ದರೆ ನುಣುಪಾದ ಪುಡಿ ಬೀಳುತ್ತದೆ. ಪುಡಿ ಬೀಳತೊಡಗಿದ ಕೂಡಲೇ ನಿಲ್ಲಿಸಿ ದುಂಡು ಅರದಿಂದ ಹಲ್ಲನ್ನು ಮಸೆಯಬೇಕು. ಮೊಂಡು ಗರಗಸವನ್ನು ಬಲದಿಂದ ಒತ್ತುವವನೇ ಹೆಚ್ಚಾಗಿ ಪೆಟ್ಟು ತಿನ್ನುವನು. ಹಲ್ಲನ್ನು ನೆಲಕ್ಕೆ ತಾಗಿಸಿದರೆ ಮಣ್ಣು ಕಲ್ಲುಗಳಿಂದ ಕ್ಷಣದಲ್ಲಿ ಹರಿತ ಹೋಗುತ್ತದೆ. ಹಳೆಯ ಬೇಲಿಯ ಮರಗಳಲ್ಲಿ ಮೊಳೆ, ಮುಳ್ಳುತಂತಿಗಳು ತೊಗಟೆಯೊಳಗೆ ಹುದುಗಿರುವುದುಂಟು, ನೋಡಿಕೊಂಡು ಕೊಯ್ಯಬೇಕು.

3. ಕೆಲಸಕ್ಕೆ ಇಳಿಯುವ ಮುನ್ನ

ಪಂಚೆ ಲುಂಗಿಗಳನ್ನು ಉಟ್ಟು, ಹೆಗಲಿಗೆ ಟವಲು ಹಾಕಿ, ಬರಿಗಾಲಿನಲ್ಲಿ ಈ ಯಂತ್ರವನ್ನು ಹಿಡಿಯುವವರು ಅನೇಕರಿದ್ದಾರೆ. ಜೋಲುವ ಬಟ್ಟೆಯ ಒಂದು ಚುಂಗು ಸರಪಳಿಗೆ ಸಿಕ್ಕಿದರೆ ಅದರ ಹಿಂದೆಯೇ ದೇಹವೂ ಸೆಳೆಯಲ್ಪಡುವುದು. ಮೈಗೆ ಹೊಂದುವ ಅಂಗಿ, ಷರಾಯಿ, ಗಟ್ಟಿ ಬೂಟು, ಶಿರಸ್ತ್ರಾಣ, ಕಣ್ಣಿಗೆ ಕನ್ನಡಕ ಇವು ಅವಶ್ಯಕ. ಯಂತ್ರದ ಸದ್ದು 100 ಡೆಸಿಬಲ್‌ಗೂ ಮೀರುವುದರಿಂದ ಕಿವಿಗೆ ರಕ್ಷಣೆ ಇಲ್ಲದಿದ್ದರೆ ಕ್ರಮೇಣ ಕಿವುಡುತನ ಬರುತ್ತದೆ. ಸರಪಳಿಗೆ ಸಿಕ್ಕಿದೊಡನೆ ತನ್ನ ಎಳೆಗಳಿಂದ ಅದನ್ನು ಬಿಗಿದು ನಿಲ್ಲಿಸುವ ವಿಶೇಷ ಷರಾಯಿಯು ಮಾರಾಟಕ್ಕೆ ದೊರೆಯುತ್ತದೆ. ಅದರ ಖರ್ಚು ಒಂದು ಕಾಲಿನ ಬೆಲೆಗಿಂತ ಬಹಳ ಕಡಿಮೆ.

ಒಬ್ಬನೇ ಕೆಲಸ ಮಾಡಕೂಡದು. ಜೊತೆಗಿರುವವನು ಕೂಗಿದರೆ ಕೇಳುವಷ್ಟು ಹತ್ತಿರವೂ, ಗರಗಸಕ್ಕೂ ಉರುಳುವ ದಿಮ್ಮಿಗೂ ಸಿಕ್ಕದಷ್ಟು ದೂರವೂ ಇರಬೇಕು. ಮಕ್ಕಳನ್ನೂ ದನಗಳನ್ನೂ ದೂರವಿಡಬೇಕು. ಬಿದ್ದ ಮರವು ವಿದ್ಯುತ್ ತಂತಿಯನ್ನು ತಾಗಿದ್ದರೆ ಲೈನ್‌ಮನ್ ಬಂದು ವಿದ್ಯುತ್ತನ್ನು ಕಡಿತಗೊಳಿಸುವವರೆಗೆ ಯಾರೂ ಹತ್ತಿರ ಹೋಗಕೂಡದು.

4. ಬಿದ್ದ ಮರದಲ್ಲಿ ಅಡಗಿರುವ ಬಿಗಿತ

ನಿಂತ ಮರವನ್ನು ಕಡಿಯುವುದು ಕಷ್ಟ, ಬಿದ್ದ ಮರವನ್ನು ಕೊಯ್ಯುವುದು ಸುಲಭ ಎಂಬುದು ಸಾಮಾನ್ಯ ಅಭಿಪ್ರಾಯ. ಇದು ತಪ್ಪು. ಗಾಳಿಗೆ ಬಿದ್ದ ಮರವು ಎಳೆದ ಬಿಲ್ಲಿನಂತೆ ಬಿಗಿದಿರುತ್ತದೆ. ಎಲ್ಲಿ ಮರವು ಒತ್ತಲ್ಪಟ್ಟಿದೆ, ಎಲ್ಲಿ ಎಳೆಯಲ್ಪಟ್ಟಿದೆ ಎಂಬುದನ್ನು ಮೊದಲು ಸುತ್ತಲೂ ನಡೆದು ನೋಡತಕ್ಕದ್ದು.

ದಿಮ್ಮಿಯ ಎರಡು ತುದಿಗಳೂ ಆಸರೆಯ ಮೇಲಿದ್ದು ನಡುಭಾಗವು ತೂಗುತ್ತಿದ್ದರೆ, ಮೇಲ್ಬದಿಯು ಒತ್ತಿಕೊಂಡು ಕೆಳಬದಿಯು ಎಳೆದುಕೊಂಡಿರುತ್ತದೆ. ಇದನ್ನು ಮೇಲಿನಿಂದಲೇ ಪೂರ್ತಿ ಕೊಯ್ಯಹೋದರೆ ಸೀಳು ಮುಚ್ಚಿಕೊಂಡು ಪಟ್ಟಿಯನ್ನು ಕಚ್ಚುತ್ತದೆ. ಮೊದಲು ಮೇಲಿನಿಂದ ದಪ್ಪದ ಮೂರರಲ್ಲಿ ಒಂದು ಭಾಗದಷ್ಟು ಕೊಯ್ದು, ಅನಂತರ ಕೆಳಗಿನಿಂದ ಕೊಯ್ದು ಎರಡನ್ನೂ ಕೂಡಿಸಬೇಕು. ಒಂದೇ ತುದಿಗೆ ಆಸರೆಯಿದ್ದು ಇನ್ನೊಂದು ತುದಿ ಚಾಚಿಕೊಂಡಿದ್ದರೆ ಕ್ರಮವು ತಿರುಗುಮುರುಗು: ಮೊದಲು ಕೆಳಗಿನಿಂದ ಮೂರರಲ್ಲಿ ಒಂದು ಭಾಗ, ಆಮೇಲೆ ಮೇಲಿನಿಂದ. ಕೆಳಬದಿಯಿಂದ ಕೊಯ್ಯುವಾಗ ಯಂತ್ರವು ಹಿಡಿದವನ ಕಡೆಗೆ ತಳ್ಳುವುದರಿಂದ ಕಾಲೂರಿ ಗಟ್ಟಿಯಾಗಿ ನಿಲ್ಲಬೇಕು.

ಬೇರುಸಹಿತ ಮಗುಚಿದ ಮರವು ಮತ್ತೂ ಅಪಾಯಕರ. ಕಾಂಡವನ್ನು ಕತ್ತರಿಸಿದೊಡನೆ ಮಣ್ಣು ತುಂಬಿದ ಬೇರಿನ ಗಡ್ಡೆಯು ಭಾರದಿಂದ ಹಿಂದಕ್ಕೆ ಮರಳಿ ನೆಟ್ಟಗೆ ಕೂರಬಹುದು. ಆ ಗುಂಡಿಯಲ್ಲಾಗಲಿ ಗಡ್ಡೆಯ ಹಿಂಬದಿಯಲ್ಲಾಗಲಿ ಯಾರೂ ಇರಕೂಡದು. ಇಳಿಜಾರಿನಲ್ಲಿ ಯಾವಾಗಲೂ ದಿಮ್ಮಿಯ ಮೇಲ್ಭಾಗದ ಕಡೆ ನಿಲ್ಲಬೇಕು. ದೊಡ್ಡ ಮರದ ಕೆಳಗೆ ಸಿಕ್ಕಿ ಬಾಗಿದ ಎಳೆಯ ಗಿಡಗಳು ಬಿಡುಗಡೆಯಾದಾಗ ಚಾಟಿಯಂತೆ ಹೊಡೆಯುತ್ತವೆ. ಇನ್ನೊಂದು ಮರಕ್ಕೆ ಒರಗಿ ನಿಂತ ಮರದ ಅಡಿಗೆ ಹೋಗಲೇಕೂಡದು. ಅದನ್ನೂ, ನಿಂತಲ್ಲೇ ಒಣಗಿದ ಮರವನ್ನೂ ಅನುಭವಿಗಳಿಗೆ ಬಿಡತಕ್ಕದ್ದು.

5. ಸೀಳುವುದು ಮತ್ತು ಒಣಗಿಸುವುದು

ಹಸಿ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ನೂರು ಕಿಲೋಗ್ರಾಂ ಹಸಿ ಸೌದೆಯನ್ನು ಒಲೆಗಿಟ್ಟರೆ ಉರಿಯುವ ಪದಾರ್ಥವು 50 ಕಿಲೋಗ್ರಾಂ ಮಾತ್ರ. ಉಳಿದ 50 ಕಿಲೋಗ್ರಾಂ ನೀರನ್ನು ಆವಿಯಾಗಿಸುವುದಕ್ಕೆ ಸುಮಾರು 7 ಕಿಲೋಗ್ರಾಂ ಒಣ ಕಟ್ಟಿಗೆಯ ಶಾಖವು ವ್ಯಯವಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟವು ಹೊಗೆಯಲ್ಲಿದೆ. ಒಲೆಯ ಉರಿಯು ತಣ್ಣಗಾಗುವುದರಿಂದ ಮರದಿಂದ ಹೊರಟ ಅನಿಲಗಳು ಉರಿಯದೆ ಹೊಗೆಯಾಗಿ ಹೊರಬಿದ್ದು, ಶಾಖವೂ ಹೋಗಿ, ಒಲೆಯ ಮುಂದೆ ಕುಳಿತ ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಹಾನಿಯಾಗುತ್ತದೆ. ತೇವವು ನೂರಕ್ಕೆ 20ಕ್ಕಿಂತ ಕಡಿಮೆಯಾದ ಮೇಲೆಯೇ ಸೌದೆಯು ಉರಿಸಲು ಯೋಗ್ಯ.

ಒಲೆಯ ಬಾಯಿಗೆ ತಕ್ಕಂತೆ ತುಂಡು ಮಾಡಿ, ಹಸಿಯಿರುವಾಗಲೇ ಕೊಡಲಿ ಬೆಣೆಗಳಿಂದ ಸೀಳುವುದು ಲೇಸು. ತೊಗಟೆಯು ನೀರನ್ನು ಹೊರಬಿಡದ ಹೊದಿಕೆಯಾದುದರಿಂದ ಸೀಳದ ದುಂಡು ತುಂಡುಗಳು ಬಹಳ ಕಾಲ ಒಣಗುವುದಿಲ್ಲ. ಸೀಳಿದ ಸೌದೆಯನ್ನು ಕಲ್ಲುಗಳ ಮೇಲೋ ಅಡಿಕೆ ದಬ್ಬೆಗಳ ಮೇಲೋ ನೆಲದಿಂದ ಎತ್ತರಿಸಿ, ನಡುವೆ ಗಾಳಿಯಾಡುವಂತೆ ಒಟ್ಟಬೇಕು. ಇದರಿಂದ ಗೆದ್ದಲಿನ ಕಾಟವೂ ಕಡಿಮೆ. ಮಳೆಗಾಲದಲ್ಲಿ ಮೇಲ್ಗಡೆ ತಗಡನ್ನೋ ಸೋಗೆಯನ್ನೋ ಹೊದಿಸಿ ಬದಿಗಳನ್ನು ತೆರೆದಿಡಬೇಕು. ತುದಿಗಳಲ್ಲಿ ಬಿರುಕು ಬಿಟ್ಟು, ಎರಡು ತುಂಡುಗಳನ್ನು ಬಡಿದರೆ ಠಣ್ ಎಂದು ಸದ್ದಾದರೆ ಒಣಗಿದೆಯೆಂದು ತಿಳಿಯಬಹುದು.

ಈ ಮಳೆಗಾಲದಲ್ಲಿ ಬಿದ್ದ ಮರವು ಈ ವರ್ಷದ ಅಡಿಕೆ ಬೇಯಿಸುವುದಕ್ಕೆ ಆಗುವುದಿಲ್ಲ. ಅದನ್ನು ಪುಷ್ಯ ಮಾಸದೊಳಗೆ ಕೊಯ್ದು ಸೀಳಿ, ಬೇಸಗೆಯ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಮೃಗಶಿರಾ ಮಳೆಗೆ ಮುಂಚೆ ಸೌದೆಕೊಟ್ಟಿಗೆ ಸೇರಿಸಿದರೆ ಮುಂದಿನ ಕೊಯ್ಲಿಗೆ ಸಿದ್ಧವಾಗುತ್ತದೆ. ಮನೆಯಲ್ಲಿ ಯಾವಾಗಲೂ ಒಂದು ವರ್ಷದ ಸೌದೆ ಮುಂಗಡವಾಗಿ ಇರುವಂತೆ ನೋಡಿಕೊಳ್ಳುವುದೇ ಉತ್ತಮ ಪದ್ಧತಿ.

ಸರ್ವೆ, ಜಾಲಿ, ಮತ್ತಿ ಮುಂತಾದ ಗಟ್ಟಿ ಮರಗಳು ಬಹಳ ಹೊತ್ತು ಉರಿಯುತ್ತವೆ. ಬೂರುಗ, ಹಾಲುವಾಣಗಳು ಹಗುರವಾದುದರಿಂದ ಬೇಗನೆ ಉರಿದುಹೋಗುತ್ತವೆ. ಕರಿಗೇರಿನ ಜಾತಿಯ ಮರಗಳ ರಸವು ಮೈಗೆ ತಗುಲಿದರೆ ಹುಣ್ಣಾಗುವುದರಿಂದ ಅವನ್ನು ಬಿಡುವುದೇ ಲೇಸು. ಕಣಗಿಲೆಯು ವಿಷದ ಗಿಡವಾದುದರಿಂದ ಅದನ್ನು ಅಡಿಗೆಯ ಒಲೆಗೆ ಹಾಕಕೂಡದು.

6. ಎಲ್ಲವನ್ನೂ ಒಯ್ಯಬಾರದು

ಎಲೆ, ಪುಳ್ಳೆ, ತೊಗಟೆಗಳಲ್ಲಿ ದಪ್ಪ ಕಾಂಡಕ್ಕಿಂತ ಹೆಚ್ಚಿನ ಸಾರಾಂಶವಿರುವುದರಿಂದ ಅವನ್ನು ತೋಟದಲ್ಲಿಯೇ ಬಿಟ್ಟರೆ ಭೂಮಿಗೆ ಗೊಬ್ಬರವಾಗುತ್ತದೆ. ಪೊಟರೆಯುಳ್ಳ ಹಳೆಯ ಮರದಿಂದ ಜನಕ್ಕಾಗಲಿ ಮನೆಗಾಗಲಿ ಅಪಾಯವಿಲ್ಲದಿದ್ದರೆ ಅದನ್ನು ಉಳಿಸುವುದು ಒಳ್ಳೆಯದು. ಇಲಿಗಳನ್ನು ಹಿಡಿಯುವ ಗೂಬೆಗಳೂ ಜೇನುಹುಳುಗಳೂ ಅಲ್ಲಿ ವಾಸಿಸುತ್ತವೆ. ಸೌದೆ ಉರಿದ ಬೂದಿಯಲ್ಲಿ ಪೊಟ್ಯಾಷೂ ಸುಣ್ಣದ ಅಂಶವೂ ಇರುವುದರಿಂದ ಮಳೆಗೆ ನೆನೆಯದಂತೆ ಶೇಖರಿಸಿ ತೋಟಕ್ಕೆ ಹಾಕತಕ್ಕದ್ದು. ಆದರೆ ಹಸಿ ಸಗಣಿ ಗಂಜಲಗಳೊಡನೆ ಬೆರೆಸಿದರೆ ಸಾರಜನಕವು ಹಾರಿಹೋಗುವುದರಿಂದ ಹಾಗೆ ಮಾಡಕೂಡದು.

7. ಗ್ರಾಮದ ಮುಖಂಡರು ಮಾಡಬಹುದಾದುದು

ಪ್ರತಿಯೊಬ್ಬ ಹಿಡುವಳಿದಾರನೂ ಒಂದೊಂದು ಯಂತ್ರವನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ವರ್ಷಕ್ಕೆ ನಾಲ್ಕಾರು ದಿನದ ಕೆಲಸಕ್ಕಾಗಿ ಕೊಂಡ ಯಂತ್ರವು ಉಳಿದ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಅಭ್ಯಾಸವಿಲ್ಲದ ಕೈಗೆ ಸಿಕ್ಕಿದ ದಿನ ಅನಾಹುತವಾಗುತ್ತದೆ. ನಾಲ್ಕೈದು ಮನೆಗಳವರು ಕೂಡಿ ಒಂದು ಯಂತ್ರವನ್ನೂ ಅದಕ್ಕೆ ಬೇಕಾದ ಉಡುಪನ್ನೂ ಕೊಂಡು, ಚೆನ್ನಾಗಿ ಕಲಿತ ಒಬ್ಬಿಬ್ಬರ ವಶದಲ್ಲಿಡುವುದು ಉಚಿತ. ಕೂಲಿಗೆ ಬಂದವನು ಕೊಯ್ಯುವಾಗಲೂ ಅವನ ಉಡುಪಿನ ಹೊಣೆಯು ಜಮೀನಿನ ಯಜಮಾನನದೇ ಎಂದು ಭಾವಿಸತಕ್ಕದ್ದು. ದೊಡ್ಡ ಗಾಳಿ ಬೀಸಿದ ಮಾರನೆಯ ದಿನ ಮುಖಂಡರು ಬಿದ್ದ ಮರಗಳ ಪಟ್ಟಿಯನ್ನು ಮಾಡಿ, ಯಾವುದು ಯಾರದೆಂದು ನಿಶ್ಚಯಿಸಿ, ಅರ್ಜಿಗಳನ್ನು ಒಟ್ಟಿಗೆ ಕಳುಹಿಸಿದರೆ ಜಗಳಗಳೂ ವಿಳಂಬವೂ ತಪ್ಪುತ್ತವೆ.

ಗಾಳಿಯು ಕೆಡವಿದ ಮರಕ್ಕೆ ಹಣ ತೆರಬೇಕಾಗಿಲ್ಲ. ಹಕ್ಕನ್ನು ವಿಚಾರಿಸಿ, ಬಿಗಿತವನ್ನು ನೋಡಿ ಕೊಯ್ದು, ಒಂದು ಬೇಸಗೆ ಒಣಗಿಸಿದವನಿಗೆ ಮಾತ್ರ ಅದು ನಿಜವಾಗಿಯೂ ಪುಕ್ಕಟೆಯಾಗಿ ದೊರೆತಂತೆ.