ಎಂಜಿನ್ ಬ್ಲಾಕ್‌ನಲ್ಲಿ ಬೋಲ್ಟ್ ಮುರಿದರೆ ಬ್ಲಾಕನ್ನೇ ಬದಲಿಸಬೇಕೇ? ಕೋಲಾ, ಮೇಣ, ಅಂಟಿನ ವಿಡಿಯೊಗಳಲ್ಲಿ ಎಷ್ಟು ನಿಜ?

ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯ ರಸ್ತೆ ಬದಿಯ ಒಂದು ಗ್ಯಾರೇಜ್ ಎಂದುಕೊಳ್ಳಿ. ಹತ್ತು ವರ್ಷ ಓಡಿದ ಕಾರಿನ ವಾಟರ್ ಪಂಪ್ ಬದಲಿಸಬೇಕಾಗಿದೆ. ನಾಲ್ಕು ಬೋಲ್ಟ್ ಸಲೀಸಾಗಿ ಬಂದವು. ಐದನೆಯದು ಮಾತ್ರ ‘ಟಕ್’ ಎಂದಿತು. ತಲೆ ಪಾನಾದ ಜೊತೆ ಕೈಗೆ ಬಂತು, ಉಳಿದ ತುಂಡು ಬ್ಲಾಕ್‌ನೊಳಗೇ ಕೂತಿತು. ಗಾಡಿಯವರು ಬಾಡಿಗೆ ಓಡಿಸಿ ಕಂತು ಕಟ್ಟುವವರು. ‘ಬ್ಲಾಕೇ ಹೋಯ್ತೇನ್ರಿ?’ ಎಂದು ಕೇಳುತ್ತಾರೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತವರೊಬ್ಬರು ಮೊಬೈಲ್ ತೆಗೆದು ‘ಇದಕ್ಕ ಒಂದು ವಿಡಿಯೊ ಬಂದದ ನೋಡ್ರಿ’ ಎನ್ನುತ್ತಾರೆ.

ಇಂಥ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ, ರೀಲ್ಸ್‌ನಲ್ಲಿ ಬೇಕಾದಷ್ಟಿವೆ. ಒಂದರಲ್ಲಿ ಕೋಲಾ ಸುರಿಯುತ್ತಾರೆ, ಇನ್ನೊಂದರಲ್ಲಿ ಮೇಣದಬತ್ತಿ ಕರಗಿಸುತ್ತಾರೆ, ಮತ್ತೊಂದರಲ್ಲಿ ಅಡುಗೆ ಸೋಡಾ ಮತ್ತು ತಕ್ಷಣ ಒಣಗುವ ಅಂಟು ಹಾಕುತ್ತಾರೆ. ಮೂವತ್ತು ಸೆಕೆಂಡಿನಲ್ಲಿ ಬೋಲ್ಟ್ ಹೊರಗೆ. ಇವುಗಳಲ್ಲಿ ನಿಜವೆಷ್ಟು ಎಂದು ಒಂದೊಂದಾಗಿ ನೋಡೋಣ.

ಚುಟುಕು ಉತ್ತರ

ಬೋಲ್ಟ್ ಮುರಿದ ಮಾತ್ರಕ್ಕೆ ಎಂಜಿನ್ ಬ್ಲಾಕ್ ಹಾಳಾಗುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ತುಂಡನ್ನು ತೆಗೆದು, ಅದೇ ತೂತನ್ನು ಮತ್ತೆ ಬಳಸಬಹುದು. ಬ್ಲಾಕ್ ನಿಜವಾಗಿ ಹಾಳಾಗುವುದು ಮುರಿದ ನಂತರದ ಮೊದಲ ಅರ್ಧ ಗಂಟೆಯ ಅವಸರದಲ್ಲಿ. ವಿಡಿಯೊಗಳು ತೋರಿಸದೇ ಇರುವುದು ಈ ಸಂಗತಿಯನ್ನೇ.

ಅಷ್ಟು ಗಟ್ಟಿ ಬೋಲ್ಟ್ ಮುರಿಯುವುದೇಕೆ?

ಬೋಲ್ಟ್‌ನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿಯನ್ನು ನೀವು ನೋಡಿರಬಹುದು. ಅದು ಉಕ್ಕಿನ ಬಲವನ್ನು ಹೇಳುವ ಅಂಕಿ. 8.8 ದರ್ಜೆಯ 8 ಮಿ.ಮೀ. ಬೋಲ್ಟ್ ಮುರಿಯಬೇಕಾದರೆ ಅದನ್ನು ನೇರವಾಗಿ ಸುಮಾರು 3 ಟನ್ ಬಲದಿಂದ ಎಳೆಯಬೇಕು. ಆದರೆ ತಿರುಚಿದರೆ ಅದಕ್ಕಿಂತ ಬಹಳ ಸುಲಭವಾಗಿ ಮುರಿಯುತ್ತದೆ.

ಇಂಥ ಬೋಲ್ಟನ್ನು ಬಿಗಿ ಮಾಡಲು ಸಾಮಾನ್ಯವಾಗಿ ಬೇಕಾಗುವ ತಿರುಚುಬಲ 25 ನ್ಯೂಟನ್-ಮೀಟರ್ ಆಸುಪಾಸು. ಒಂದಡಿ ಉದ್ದದ ಪಾನಾ ಹಿಡಿದರೆ ಎಂಟೊಂಬತ್ತು ಕಿಲೋ ಭಾರದಷ್ಟು ಒತ್ತಿದರೆ ಸಾಕು. ಬೋಲ್ಟ್ ಬರಲಿಲ್ಲವೆಂದು ಅದೇ ಪಾನಾಕ್ಕೆ ಪೈಪ್ ಸಿಕ್ಕಿಸಿ ಮೂರಡಿ ಮಾಡಿ, 30 ಕಿಲೋ ಭಾರ ಹಾಕಿದರೆ ಬೋಲ್ಟ್ ಮೇಲೆ ಬೀಳುವುದು ಸುಮಾರು 270 ನ್ಯೂಟನ್-ಮೀಟರ್. ಬೇಕಾದದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು! ಕೈಗೆ ಅದು ಗೊತ್ತಾಗುವುದಿಲ್ಲ, ಬೋಲ್ಟ್‌ಗೆ ಗೊತ್ತಾಗುತ್ತದೆ.

ಇನ್ನೊಂದು ಕಾರಣ ತುಕ್ಕು. ಕಬ್ಬಿಣ ತುಕ್ಕಾದಾಗ ಅದು ಆಕ್ರಮಿಸುವ ಜಾಗ ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು. ಥ್ರೆಡ್‌ಗಳ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಈ ತುಕ್ಕು ಉಬ್ಬಿದರೆ ಬೆಣೆ ಹೊಡೆದಂತೆ ಬಿಗಿಯುತ್ತದೆ. ಇನ್ನು ಅಲ್ಯೂಮಿನಿಯಂ ಬ್ಲಾಕ್‌ನಲ್ಲಿ ಉಕ್ಕಿನ ಬೋಲ್ಟ್ ಇದ್ದು, ಅಲ್ಲಿಗೆ ನೀರು ಅಥವಾ ಕೂಲಂಟ್ ತಾಗಿದರೆ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ, ಬಿಳಿ ಪುಡಿ ಕಟ್ಟಿಕೊಳ್ಳುತ್ತದೆ. ವಾಟರ್ ಪಂಪ್, ಥರ್ಮೋಸ್ಟಾಟ್ ಬೋಲ್ಟ್‌ಗಳು ಹೆಚ್ಚಾಗಿ ಕಚ್ಚಿಕೊಳ್ಳುವುದು ಇದರಿಂದಲೇ.

ಮೊದಲು ಕೇಳಬೇಕಾದ ಪ್ರಶ್ನೆ: ಬಿಗಿ ಮಾಡುವಾಗ ಮುರಿಯಿತೋ, ಬಿಚ್ಚುವಾಗಲೋ?

ವಿಡಿಯೊಗಳು ಈ ಪ್ರಶ್ನೆ ಕೇಳುವುದೇ ಇಲ್ಲ. ಆದರೆ ಮುಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

ಬೋಲ್ಟ್ ಬಿಗಿಯಾಗಿರುವುದು ಅದರ ತಲೆ ಒಂದು ಕಡೆ, ಥ್ರೆಡ್ ಇನ್ನೊಂದು ಕಡೆ ಎಳೆದು ಹಿಡಿದಿರುವುದರಿಂದ. ಹೊಸ ಬೋಲ್ಟನ್ನು ಅತಿಯಾಗಿ ಬಿಗಿ ಮಾಡುವಾಗ ತಲೆ ಮುರಿದರೆ ಆ ಎಳೆತವೂ ಅಲ್ಲಿಗೇ ಮುಗಿಯಿತು. ಒಳಗಿನ ತುಂಡು ಆಗ ಸಾಮಾನ್ಯವಾಗಿ ಸಡಿಲವಾಗಿರುತ್ತದೆ. ಮೊನಚಾದ ಪಂಚ್‌ನಿಂದ ಅಂಚಿಗೆ ಮೆಲ್ಲಗೆ ಎಡಕ್ಕೆ ತಟ್ಟಿದರೆ ತಿರುಗಿ ಹೊರಬರಲೂಬಹುದು.

ಬಿಚ್ಚುವಾಗ ಮುರಿದರೆ ಕತೆಯೇ ಬೇರೆ. ಅಲ್ಲಿ ಥ್ರೆಡ್‌ನ ಹಿಡಿತ ಬೋಲ್ಟ್‌ನ ಬಲಕ್ಕಿಂತ ಹೆಚ್ಚಾಗಿತ್ತು, ಅದಕ್ಕೇ ಮುರಿಯಿತು. ಆ ಹಿಡಿತವನ್ನು ಸಡಿಲಿಸದೆ ಮತ್ತೆ ತಿರುಗಿಸಲು ಹೋದರೆ ಮತ್ತೆ ಮುರಿಯುತ್ತದೆ. ವಿಡಿಯೊದಲ್ಲಿ ಸಲೀಸಾಗಿ ಹೊರಬರುವ ಬೋಲ್ಟ್ ಯಾವ ಬಗೆಯದು ಎಂಬುದು ನೋಡುವವರಿಗೆ ತಿಳಿಯುವುದೇ ಇಲ್ಲ.

ವಿಡಿಯೊ 1: ಕೋಲಾ ಸುರಿದರೆ ತುಕ್ಕು ಕರಗುತ್ತದೆ

*ಅರ್ಧಸತ್ಯ.* ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇರುವುದು ನಿಜ, ಆ ಆಮ್ಲ ತುಕ್ಕಿನ ಜೊತೆ ವರ್ತಿಸುವುದೂ ನಿಜ. ಆದರೆ ಪಾನೀಯದಲ್ಲಿ ಅದರ ಪ್ರಮಾಣ ಅತ್ಯಲ್ಪ. ಬಯಲಿಗೆ ತೆರೆದ ಸಣ್ಣ ಮೊಳೆಯನ್ನು ರಾತ್ರಿಯಿಡೀ ಅದರಲ್ಲಿ ನೆನೆಸಿದರೆ ಮೇಲಿನ ತುಕ್ಕು ಸ್ವಲ್ಪ ಹೋದೀತು. ಬ್ಲಾಕ್‌ನೊಳಗೆ ಕಚ್ಚಿಕೊಂಡ ಥ್ರೆಡ್‌ನ ಆಳಕ್ಕೆ ಅದು ಇಳಿಯುವುದೇ ಕಷ್ಟ, ಇಳಿದರೂ ಎಣ್ಣೆಯಂತೆ ಜಾರಿಸುವುದಿಲ್ಲ. ಉಳಿಯುವುದು ಸಕ್ಕರೆಯ ಅಂಟು ಮತ್ತು ಹೊಸ ತುಕ್ಕಿಗೆ ಬೇಕಾದ ನೀರು.

ವಿಡಿಯೊ 2: ಕಾಯಿಸಿ ಮೇಣ ಹಚ್ಚಿದರೆ ಬರುತ್ತದೆ

*ಬಹುಪಾಲು ನಿಜ, ಆದರೆ ಕೆಲಸ ಮಾಡುವುದು ಮುಖ್ಯವಾಗಿ ಶಾಖ.* ಮೇಣ 50–65 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿ ತೆಳ್ಳಗಾಗುತ್ತದೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಬಿಸಿ ಥ್ರೆಡ್ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಅದು ಜಾರಿಕೆಗೆ ನೆರವಾಗುತ್ತದೆ. ಆದರೆ ಹಿಡಿತವನ್ನು ಮೊದಲು ಒಡೆಯುವುದು ಶಾಖ.

ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 8 ಮಿ.ಮೀ. ಬೋಲ್ಟ್ ಇರುವ ಅಲ್ಯೂಮಿನಿಯಂ ಬ್ಲಾಕ್‌ನ ಬಿಸಿ 200 ಡಿಗ್ರಿ ಏರಿದರೆ ತೂತು ಬೋಲ್ಟ್‌ಗಿಂತ ಸುಮಾರು 0.018 ಮಿ.ಮೀ. ಹೆಚ್ಚು ಅಗಲವಾಗುತ್ತದೆ. ಇದು ತಲೆಗೂದಲಿನ ದಪ್ಪದ ಕಾಲು ಭಾಗದಷ್ಟು. ಸಣ್ಣದೆನಿಸಬಹುದು, ತುಕ್ಕಿನ ಹಿಡಿತ ಬಿಡಿಸಲು ಅಷ್ಟು ಸಾಕು.

ಬೀಡು ಕಬ್ಬಿಣದ ಬ್ಲಾಕ್ ಹಾಗಲ್ಲ. ಬೀಡು ಮತ್ತು ಉಕ್ಕು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಅಲ್ಲಿ ಎರಡನ್ನೂ ಒಟ್ಟಿಗೆ ಕಾಯಿಸಿದರೆ ಹೆಚ್ಚು ಲಾಭವಿಲ್ಲ. ತುಂಡನ್ನು ಮಾತ್ರ ಕಾಯಿಸಿ, ತಾನಾಗಿ ತಣಿಯಲು ಬಿಟ್ಟರೆ ಅದು ಹಿಗ್ಗಿ ಕುಗ್ಗುವಾಗ ತುಕ್ಕಿನ ಪದರ ಒಡೆಯುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಯಲ್ಲಿ ಕರಗುತ್ತದೆ, ಆದರೆ ಕಬ್ಬಿಣದಂತೆ ಕೆಂಪಗಾಗಿ ಮುನ್ಸೂಚನೆ ಕೊಡುವುದಿಲ್ಲ. ಗ್ಯಾಸ್ ಬೆಂಕಿ ಹಿಡಿದು ‘ಇನ್ನೂ ಕೆಂಪಾಗಿಲ್ಲ’ ಎಂದು ಕಾಯುತ್ತ ಕೂತರೆ ಬ್ಲಾಕ್‌ನ ಅಂಚೇ ಕುಸಿದುಹೋಗಬಹುದು. ಹಾಗೆಯೇ ಕೆಂಪಗೆ ಕಾದ ಬೀಡಿನ ಬ್ಲಾಕ್ ಮೇಲೆ ತಣ್ಣೀರು ಸುರಿಯಬೇಡಿ. ಒಮ್ಮೆಲೇ ಕುಗ್ಗಿ ಬಿರುಕು ಬಿಡುತ್ತದೆ. ಆಗ ಬ್ಲಾಕ್ ನಿಜವಾಗಿಯೂ ಹೋದಂತೆ.

ವಿಡಿಯೊ 3: ಅಡುಗೆ ಸೋಡಾ, ತಕ್ಷಣ ಒಣಗುವ ಅಂಟು

*ತಪ್ಪು, ಹಾನಿಕರ ಕೂಡ.* ಮುರಿದ ತುಂಡಿನ ಮೇಲೆ ನಟ್ ಇಟ್ಟು, ಸೋಡಾ ತುಂಬಿ, ಅಂಟು ಸುರಿದು ತಿರುಗಿಸುತ್ತಾರೆ. ಸೋಡಾ ತಾಗಿದ ಕೂಡಲೇ ಈ ಅಂಟು ಕಲ್ಲಿನಂತಾಗುವುದು ನಿಜ. ಆದರೆ ಉಕ್ಕನ್ನೇ ಮುರಿದ ಹಿಡಿತವನ್ನು ಆ ಗಟ್ಟಿಯಾದ ಅಂಟು ಬಿಡಿಸಲಾರದು. ಜೊತೆಗೆ ನೀರಿನಷ್ಟು ತೆಳ್ಳಗಿನ ಅಂಟು ಥ್ರೆಡ್‌ನೊಳಗೆ ಇಳಿದರೆ ಸಡಿಲವಿದ್ದ ತುಂಡೂ ಬಿಗಿಯಾಗುತ್ತದೆ, ಆಮೇಲೆ ಹಾಕುವ ಎಣ್ಣೆಗೂ ದಾರಿ ಮುಚ್ಚುತ್ತದೆ.

ವಿಡಿಯೊ 4: ಈಸಿ ಔಟ್ ಇದ್ದರೆ ಎರಡು ನಿಮಿಷದ ಕೆಲಸ

*ಎಲ್ಲ ಬೋಲ್ಟ್‌ಗಳಿಗೂ ನಿಜವಲ್ಲ.* ಬೋಲ್ಟ್ ನಡುವೆ ತೂತು ಕೊರೆದು, ಉಲ್ಟಾ ಥ್ರೆಡ್‌ನ ಕಡ್ಡಿಯನ್ನು ಅದರೊಳಗೆ ಕಚ್ಚಿಸಿ ತಿರುಗಿಸುವ ಸಾಧನ ಈಸಿ ಔಟ್. ಸಡಿಲವಿರುವ ತುಂಡಿಗೆ ಒಳ್ಳೆಯದು. ಕಚ್ಚಿಕೊಂಡ ತುಂಡಿಗೆ ಬಳಸುವ ಮೊದಲು ಸ್ವಲ್ಪ ಲೆಕ್ಕ ಹಾಕಿ. 8 ಮಿ.ಮೀ. ಬೋಲ್ಟೇ ತಾಳದ ಬಲವನ್ನು ಅದರೊಳಗೆ ಹೊಕ್ಕ 4 ಮಿ.ಮೀ. ಕಡ್ಡಿ ತಾಳಬೇಕು. ತಿರುಚುವ ಬಲ ತಾಳುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಈಸಿ ಔಟ್‌ನ ಉಕ್ಕು ಹೆಚ್ಚು ಗಟ್ಟಿ ಎಂದರೂ ಈ ಅಂತರ ತುಂಬುವುದು ಕಷ್ಟ. ಅಲ್ಲದೆ ತುದಿ ಚೂಪಾದ ಕಡ್ಡಿ ಒಳಗೆ ಇಳಿದಂತೆ ಬೋಲ್ಟನ್ನು ಹೊರಕ್ಕೆ ಒತ್ತಿ ಇನ್ನಷ್ಟು ಬಿಗಿ ಮಾಡುತ್ತದೆ.

ಅದು ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಜಾರಿ ಪಕ್ಕದ ಮೆತ್ತನೆಯ ಬ್ಲಾಕನ್ನೇ ಕೊರೆಯುತ್ತದೆ. ಸಣ್ಣ ರಿಪೇರಿ ದೊಡ್ಡದಾಗುವುದು ಹೆಚ್ಚಾಗಿ ಇಲ್ಲಿಯೇ.

ಹಾಗಾದರೆ ಸರಿಯಾದ ಕ್ರಮ ಯಾವುದು?

1. ನಿಲ್ಲಿಸಿ. ಮುರಿದ ಜಾಗವನ್ನು ವೈರ್ ಬ್ರಷ್‌ನಿಂದ ಸ್ವಚ್ಛ ಮಾಡಿ. ಅಕ್ಕಪಕ್ಕದ ತೂತುಗಳಿಗೆ ಬಟ್ಟೆ ತುರುಕಿ. ಲೋಹದ ಒಂದು ಚೂರು ಸಿಲಿಂಡರ್‌ಗೋ ಆಯಿಲ್ ದಾರಿಗೋ ಬಿದ್ದರೆ ಎಂಜಿನ್‌ಗೆ ಅಪಾಯ.

2. ಎಣ್ಣೆ ಹಾಕಿ, ಕಾಯಿರಿ. ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗ್ಯಾರೇಜ್‌ಗಳಲ್ಲಿ ಹೆಚ್ಚಾಗಿ ಕಾಣುವ ಡಬ್ಲ್ಯುಡಿ-40 ಕೂಡ ನಡೆಯುತ್ತದೆ. ಆದರೆ ಅದನ್ನು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ತಯಾರಿಸಿದ್ದು ಲೋಹದಿಂದ ನೀರನ್ನು ಸರಿಸಿ ತುಕ್ಕು ತಡೆಯಲು. ಕಚ್ಚಿದ ಬೋಲ್ಟ್‌ಗೆಂದೇ ಬರುವ ಎಣ್ಣೆ ಸಿಕ್ಕರೆ ಅದೇ ಮೇಲು. ಯಾವುದೇ ಆದರೂ ರಾತ್ರಿಯಿಡೀ ಬಿಟ್ಟು, ಮಧ್ಯೆ ಎರಡು ಮೂರು ಸಲ ಮತ್ತೆ ಹಾಕಿ.

3. ತುಂಡು ಹೊರಗೆ ಕಾಣುತ್ತಿದ್ದರೆ ವೈಸ್ ಗ್ರಿಪ್‌ನಿಂದ ಹಿಡಿದು ಹಿಂದೆ ಮುಂದೆ ಆಡಿಸಿ. ಕಾಲು ಸುತ್ತು ಎಡಕ್ಕೆ, ಸ್ವಲ್ಪ ಬಲಕ್ಕೆ, ಮತ್ತೆ ಎಡಕ್ಕೆ. ಒಂದೇ ಕಡೆ ಜಗ್ಗಬೇಡಿ.

4. ತುಂಡು ಬ್ಲಾಕ್‌ಗೆ ಸಮವಾಗಿದ್ದರೆ ಅನುಭವಿ ವೆಲ್ಡರ್ ಕೈಯಲ್ಲಿ ಅದರ ಮೇಲೆ ನಟ್ ವೆಲ್ಡ್ ಮಾಡಿಸುವುದು ಉತ್ತಮ ದಾರಿ. ಹಿಡಿಯಲು ಹೊಸ ತಲೆ ಸಿಗುತ್ತದೆ, ಬೇಕಾದ ಶಾಖವೂ ನೇರವಾಗಿ ತುಂಡಿಗೇ ಹೋಗುತ್ತದೆ. ಕೆಂಪು ಇಳಿದ ಮೇಲೆ ನಿಧಾನವಾಗಿ ತಿರುಗಿಸಬೇಕು. ಮೊದಲ ಸಲ ನಟ್ ಕಿತ್ತು ಬಂದರೂ ಬೇಸರ ಬೇಡ, ಎರಡನೇ ಮೂರನೇ ಸಲಕ್ಕೆ ಬರುವುದುಂಟು. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿ ವೈರ್ ತೆಗೆಯುವುದನ್ನು ಮರೆಯಬೇಡಿ, ಗಾಡಿಯ ಕಂಪ್ಯೂಟರ್ ಸುಟ್ಟುಹೋಗಬಹುದು.

5. ಅದೂ ಆಗದಿದ್ದರೆ ಕೊರೆಯುವುದು. ಸರಿಯಾಗಿ ನಡುವೆ ಸೆಂಟರ್ ಪಂಚ್ ಹಾಕಿ ಸಣ್ಣ ಬಿಟ್‌ನಿಂದ ಶುರುಮಾಡಬೇಕು. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಕೊರೆಯುವಾಗಲೇ ತುಂಡು ಬಿಚ್ಚಿಕೊಂಡು ಬರಬಹುದು. ಥ್ರೆಡ್ ಕೆಟ್ಟರೂ ದಾರಿ ಮುಚ್ಚಿಲ್ಲ. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಿ, ಮೊದಲಿನ ಅಳತೆಯ ಬೋಲ್ಟನ್ನೇ ಹಾಕಬಹುದು. ಅಲ್ಯೂಮಿನಿಯಂನಲ್ಲಿ ಈ ಥ್ರೆಡ್ ಹಳೆಯದಕ್ಕಿಂತ ಗಟ್ಟಿಯಾಗಿರುತ್ತದೆ.

6. ಒಳಗೆ ಈಸಿ ಔಟ್ ಅಥವಾ ಟ್ಯಾಪ್ ಮುರಿದಿದ್ದರೆ ಕೈ ಡ್ರಿಲ್ ಬಿಟ್ಟುಬಿಡಿ. ವಿದ್ಯುತ್ ಕಿಡಿಗಳಿಂದ ಲೋಹವನ್ನು ಕಣಕಣವಾಗಿ ತೆಗೆಯುವ ಇಡಿಎಂ ಎಂಬ ಯಂತ್ರವಿದೆ. ಲೋಹ ಎಷ್ಟು ಗಟ್ಟಿ ಎಂಬುದು ಅದಕ್ಕೆ ಲೆಕ್ಕವಿಲ್ಲ. 1940ರ ದಶಕದಲ್ಲಿ ಅಮೆರಿಕದ ಮೂವರು ತಂತ್ರಜ್ಞರು ಇಂಥ ಯಂತ್ರ ಕಟ್ಟಿದ್ದು ಅಲ್ಯೂಮಿನಿಯಂ ಎರಕಗಳಲ್ಲಿ ಮುರಿದ ಡ್ರಿಲ್, ಟ್ಯಾಪ್‌ಗಳನ್ನು ತೆಗೆಯಲೆಂದೇ. ಟೂಲ್ ರೂಮ್ ಇರುವ ದೊಡ್ಡ ಊರಿನ ವರ್ಕ್‌ಶಾಪ್‌ಗಳಲ್ಲಿ ವಿಚಾರಿಸಿ. ರಂಗಂಪೇಟೆಯಿಂದ ಕಲಬುರಗಿಗೆ ಬ್ಲಾಕ್ ಹೊತ್ತು ಹೋಗುವ ಖರ್ಚು ಹೊಸ ಬ್ಲಾಕ್‌ನ ಬೆಲೆಯ ಮುಂದೆ ಸಣ್ಣದು.

ಬ್ಲಾಕ್‌ಗಿಂತ ದೊಡ್ಡ ಅಪಾಯ

ಕೆಲವು ವಿಡಿಯೊಗಳಲ್ಲಿ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಒರೆಸಿ, ಕೂಡಲೇ ಬೆಂಕಿ ಹಿಡಿಯುತ್ತಾರೆ. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಕಗಳಿರುತ್ತವೆ. ವೆಲ್ಡಿಂಗ್ ಶಾಖಕ್ಕೆ ಅವು ಒಡೆದು ಫಾಸ್ಜೀನ್ ಅನಿಲವಾಗಬಹುದು. ಮೊದಲ ಮಹಾಯುದ್ಧದಲ್ಲಿ ಆಯುಧವಾಗಿ ಬಳಸಿದ ವಿಷಾನಿಲ ಅದು. ಉಸಿರಾಡಿದಾಗ ಹೆಚ್ಚು ಗೊತ್ತಾಗದೆ, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ. ವೆಲ್ಡ್ ಮಾಡುವ ಜಾಗಕ್ಕೆ ಇಂಥ ಸ್ಪ್ರೇ ಬೇಡ. ಹೊಗೆ ಕುಡಿದು ಉಬ್ಬಸ, ಎದೆ ಬಿಗಿತ ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಿ, ಏನು ಬಳಸಿದ್ದಿರಿ ಎಂದು ವೈದ್ಯರಿಗೆ ಹೇಳಿ.

ಪೆಟ್ರೋಲ್, ಥಿನ್ನರ್ ಹಾಕಿದ ಜಾಗಕ್ಕೂ ಬೆಂಕಿ ತರಬಾರದು. ಡ್ರಿಲ್ ಹಿಡಿದವರಷ್ಟೇ ಅಲ್ಲ, ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತ ಹುಡುಗನಿಗೂ ಕನ್ನಡಕ ಬೇಕು.

ಮತ್ತೆ ಮುರಿಯದಿರಲು

ಹೊಸ ಬೋಲ್ಟ್ ಹಾಕುವಾಗ ಥ್ರೆಡ್ ಸ್ವಚ್ಛ ಮಾಡಿ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ. ನಾವು ಹಾಕುವ ಬಲದ ಸುಮಾರು ಶೇ 90ರಷ್ಟು ಘರ್ಷಣೆಗೇ ಹೋಗುತ್ತದೆ, ಬೋಲ್ಟನ್ನು ಎಳೆದು ಹಿಡಿಯುವುದು ಉಳಿದ ಶೇ 10 ಮಾತ್ರ. ಅದಕ್ಕೇ ಒಣ ಬೋಲ್ಟ್‌ನ ಅಳತೆಗೆ ಎಣ್ಣೆ ಹಚ್ಚಿದ ಬೋಲ್ಟ್ ಬಿಗಿ ಮಾಡಿದರೆ ಎಳೆತ ಹೆಚ್ಚಾಗಿ ಮುರಿಯಬಹುದು. ಹಲವು ಎಂಜಿನ್‌ಗಳ ಹೆಡ್ ಬೋಲ್ಟ್‌ಗಳನ್ನು ಹಿಗ್ಗುವಂತೆಯೇ ಮಾಡಿರುತ್ತಾರೆ. ಬಿಚ್ಚಿದರೆ ಹೊಸದನ್ನೇ ಹಾಕಬೇಕು. ‘ಚೆನ್ನಾಗೇ ಅದ’ ಎಂದು ಹಳೆಯದನ್ನು ಹಾಕಿದರೆ ಉಳಿಯುವ ಹಣ ಸಣ್ಣದು.

ಫಾರ್ವರ್ಡ್ ಮಾಡುವ ಮುನ್ನ

ಇಂಥ ವಿಡಿಯೊ ಬಂದರೆ ಮೂರು ಪ್ರಶ್ನೆ ಕೇಳಿ. ಬೋಲ್ಟ್ ನಿಜವಾಗಿ ಕಚ್ಚಿಕೊಂಡಿತ್ತೇ? ಬ್ಲಾಕ್ ಬೀಡಿನದೋ ಅಲ್ಯೂಮಿನಿಯಂನದೋ? ಎಣ್ಣೆ ಹಾಕಿ ಎಷ್ಟು ಹೊತ್ತು ಬಿಟ್ಟರು? ಮೂರಕ್ಕೂ ಉತ್ತರವಿಲ್ಲದಿದ್ದರೆ ಅದು ನೋಡಲು ಚೆಂದ, ಮಾಡಲು ಅಲ್ಲ.

ಗಾಡಿಯವರಿಗೂ ಒಂದು ಮಾತು. ನಿಮ್ಮ ಮೆಕ್ಯಾನಿಕ್ ‘ಎಣ್ಣೆ ಹಾಕೀನಿ, ನಾಳೆ ಬರ್ರಿ’ ಎಂದರೆ ಕೆಲಸ ಗೊತ್ತಿಲ್ಲವೆಂದು ತಿಳಿಯಬೇಡಿ. ಒಂದು ದಿನದ ಬಾಡಿಗೆ ಹೋಗಬಹುದು. ಆದರೆ ಆ ರಾತ್ರಿಯಲ್ಲಿ ಅವರು ಉಳಿಸುತ್ತಿರುವುದು ನಿಮ್ಮ ಎಂಜಿನ್ನನ್ನೇ.